ಶನಿವಾರದ ಪಾಳಿಗೆ ಬಂದ ಮತಪೆಟ್ಟಿಗೆ

ಮತಗಟ್ಟೆ ಒಂದೇ ಸಾಕು, ದಿನ ಒಂದೇ ಸಾಕು ಎಂದು ತೀರ್ಮಾನಿಸಿದವರಿಗೆ ಆ ತೀರ್ಮಾನದಿಂದ ಏನೂ ನಷ್ಟವಾಗಲಿಲ್ಲ. ನಷ್ಟ ಹೊರಬೇಕಾಗಿ ಬಂದವರು ಆರು ಮಂದಿ ರೋಗಿಗಳು. ವಾರಕ್ಕೆ ಮೂರು ಸಲ ತೋಳಿಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ನ್ಯೂಜಿಲೆಂಡಿನ ಕಣಿವೆಯೂರು ಅಪ್ಪರ್ ಹಟ್‌ನ ನಮ್ಮ ಡಯಾಲಿಸಿಸ್ ಘಟಕದಲ್ಲಿ ರಕ್ತ ಶುದ್ಧಿ ಮಾಡಿಸಿಕೊಳ್ಳುವವರು. ಒಂದು ಇಡೀ ಜನತೆ ತಾನು ಸ್ವತಂತ್ರ ದೇಶವಾಗಬೇಕೇ ಬೇಡವೇ ಎಂದು ಮತ ಹಾಕಲಿದ್ದ ದಿನ, ಆ ಜನತೆಯ ಈ ಆರು ಮಂದಿ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಏಳಲಾಗದವರ ಬಳಿಗೆ ಮತಪೆಟ್ಟಿಗೆ ಬರುವ ಏರ್ಪಾಡೂ ಇರಲಿಲ್ಲ.

ಅವರ ದ್ವೀಪಗಳ ಹೆಸರನ್ನು ನಾನು ಬರೆಯುವುದಿಲ್ಲ. ರೋಗಿಯ ಗುರುತು ಬಿಟ್ಟುಕೊಡದಿರುವುದು ನನ್ನ ವೃತ್ತಿಯ ನಿಯಮ. ಅಷ್ಟು ಸಣ್ಣ ಜನತೆಯಲ್ಲಿ ದ್ವೀಪದ ಹೆಸರು ಹೇಳಿದರೆ ಮನುಷ್ಯರ ಹೆಸರು ಹೇಳಿದಂತೆಯೇ. ಶಾಂತಸಾಗರದಲ್ಲಿವೆ, ದೂರದ ಒಂದು ದೇಶ ಅವುಗಳನ್ನು ತಲೆಮಾರುಗಳಿಂದ ಆಳುತ್ತಿದೆ ಎಂದಷ್ಟು ತಿಳಿದರೆ ಸಾಕು. ಆಳುವ ದೇಶ ಅಲ್ಲಿ ರನ್‌ವೇ ಕಟ್ಟಿದೆ, ತನ್ನ ಅಧಿಕಾರಿಗಳಿಗೆ ಬಂಗಲೆ ಕಟ್ಟಿದೆ, ಧ್ವಜಸ್ತಂಭಕ್ಕೆ ವರ್ಷವರ್ಷವೂ ಬಣ್ಣ ಹೊಡೆಸುತ್ತದೆ. ಡಯಾಲಿಸಿಸ್ ಯಂತ್ರವನ್ನು ಮಾತ್ರ ಒಂದನ್ನೂ ಇಟ್ಟಿಲ್ಲ. ಮೂತ್ರಪಿಂಡ ಕೈಕೊಟ್ಟವರು ಅಲ್ಲಿ ಸಾಯಬೇಕು, ಇಲ್ಲವೇ ನ್ಯೂಜಿಲೆಂಡಿನಲ್ಲಿ ನೆಲೆಸಿದ ಮಕ್ಕಳ, ಒಡಹುಟ್ಟಿದವರ ಮನೆಗೆ ಬಂದು ಬದುಕಬೇಕು. ಹೀಗೆ ಊರು ಬಿಡುವಂತೆ ಮಾಡಿದವರೇ, ಊರಿನಲ್ಲಿಲ್ಲ ಎಂಬ ಕಾರಣ ಹೇಳಿ ಅವರ ಮತವನ್ನೂ ಕಿತ್ತುಕೊಳ್ಳಲು ಹೊರಟಿದ್ದರು. ಇದನ್ನು ಕಾರ್ಯವಿಧಾನದ ತೊಡಕು ಎಂದು ಕರೆದವರಿದ್ದಾರೆ. ನಾನು ಅನ್ಯಾಯ ಎಂದು ಕರೆಯುತ್ತೇನೆ.

ನಾನು ಆ ಘಟಕದಲ್ಲಿ ನರ್ಸ್. ಮೈಸೂರಿನಲ್ಲಿ ಕಲಿತವಳು. ನಾನು ಓದಿದ ಶಾಲೆಯಲ್ಲಿ ಮಕ್ಕಳೇ ಸಭೆ ಸೇರಿ ಶಾಲೆಯ ನಿಯಮಗಳನ್ನು ಮಾಡುತ್ತಿದ್ದೆವು; ನಿಯಮ ತಪ್ಪೆನಿಸಿದರೆ ಗೊಣಗಬಾರದು, ಬರೆದು ತಿದ್ದಿಸಬೇಕು ಎಂಬ ಅಭ್ಯಾಸ ಅಲ್ಲಿಂದ ಬಂದದ್ದು. ವಿಷಯ ನನಗೆ ತಿಳಿದದ್ದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುವ ಹಿರಿಯ ಹೆಂಗಸಿನಿಂದ. ದ್ವೀಪದ ಶಾಲೆಯಲ್ಲಿ ಆಯುಷ್ಯವೆಲ್ಲ ಪಾಠ ಹೇಳಿ ನಿವೃತ್ತರಾದವರು. ಇಲ್ಲಿಗೆ ಬಂದ ಮೇಲೆ ಕಣಿವೆಯ ತಮ್ಮ ಜನರ ಚರ್ಚ್‌ನಲ್ಲಿ ಹಾಡಿನ ತಂಡ ಕಟ್ಟಿದವರು. ಘಟಕದಲ್ಲಿ ಎಲ್ಲರೂ ಅವರನ್ನು ಆಂಟಿ ಎನ್ನುತ್ತಿದ್ದರು. ಅವರ ಮಾತುಗಳು ಇಂಗ್ಲಿಷಿನವು. ಇಲ್ಲಿ ನನ್ನ ಮೈಸೂರು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮುಂದಿನ ತಿಂಗಳು ಒಂದು ಶನಿವಾರ ನಾನು ಬರಲ್ಲ ಮಗಳೇ,” ಎಂದರು, ನಾನು ಸೂಜಿಗೆ ಜಾಗ ಹುಡುಕುತ್ತಿದ್ದಾಗ.

“ಯಾಕೆ ಆಂಟಿ, ಯಾರದಾದ್ರೂ ಮದುವೆನಾ?”

“ನಮ್ಮ ದೇಶದ್ದು.”

ಗುಡ್ಡದಾಚೆಯ ಪೊರಿರುವಾ ಊರಿನ ಒಂದು ಸಭಾಂಗಣದಲ್ಲಿ ಮತಗಟ್ಟೆ. ನ್ಯೂಜಿಲೆಂಡಿನ ಉತ್ತರ ದ್ವೀಪದ ಈ ತುದಿಗೆಲ್ಲ ಅದೊಂದೇ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ಅಂಚೆ ಮತ ಇಲ್ಲ, ಬದಲಿಗೆ ಬೇರೆಯವರು ಹಾಕುವಂತಿಲ್ಲ. ನಮ್ಮ ಬೆಳಗಿನ ಪಾಳಿ ಏಳಕ್ಕೇ ಶುರುವಾದರೂ, ಸೂಜಿ ತೆಗೆದು ರಕ್ತ ನಿಂತು ಕುರ್ಚಿ ಬಿಟ್ಟು ಗುಡ್ಡ ದಾಟುವಷ್ಟರಲ್ಲಿ ಮತಗಟ್ಟೆ ಮುಚ್ಚಿರುತ್ತದೆ. ಆರೂ ಮಂದಿ ಮಂಗಳವಾರ, ಗುರುವಾರ, ಶನಿವಾರದ ಬೆಳಗಿನ ಪಾಳಿಯವರೇ ಆಗಿದ್ದು ಆಕಸ್ಮಿಕವಲ್ಲ. ಆ ಜನರಿಗೆ ಭಾನುವಾರದ ಆರಾಧನೆ ದೊಡ್ಡದು. ಶನಿವಾರ ರಕ್ತ ತೊಳೆಸಿಕೊಂಡರೆ ಭಾನುವಾರ ಮೈ ಹಗುರವಾಗಿರುತ್ತದೆ, ಉಸಿರು ಕಟ್ಟದೆ ಹಾಡಲು ಆಗುತ್ತದೆ. ಆದ್ದರಿಂದ ಒಬ್ಬೊಬ್ಬರೂ ಬಂದಾಗ ಆ ಪಾಳಿಯನ್ನೇ ಕೇಳಿ ಪಡೆದಿದ್ದರು. ದೇವರಿಗಾಗಿ ಆರಿಸಿಕೊಂಡ ದಿನವೇ ಮತಕ್ಕೆ ಅಡ್ಡ ಬಂದಿತ್ತು.

“ಒಂದು ಸಲ ತಪ್ಪಿಸಿದರೆ ಏನಾಗತ್ತೆ ಅಂತ ನನಗೆ ಗೊತ್ತು,” ಎಂದರು ಆಂಟಿ. “ಹೇಳಬೇಡ.”

ಹೇಳಲೇಬೇಕಿತ್ತು. ಶನಿವಾರ ತಪ್ಪಿದರೆ ಗುರುವಾರದಿಂದ ಮಂಗಳವಾರದವರೆಗೆ ಯಂತ್ರವಿಲ್ಲ. ಮೂತ್ರಪಿಂಡ ಕೆಲಸ ಮಾಡದ ದೇಹದಲ್ಲಿ ಅಷ್ಟು ದಿನ ಪೊಟ್ಯಾಸಿಯಂ ಏರುತ್ತ ಹೋಗುತ್ತದೆ. ಒಂದು ಮಟ್ಟ ದಾಟಿದರೆ ಹೃದಯ ಮುನ್ಸೂಚನೆ ಕೊಡದೆ ನಿಲ್ಲಬಹುದು. ಆಂಟಿಗೆ ಹೋದ ವರ್ಷ ಆ ಅಂಚು ಮುಟ್ಟಿ ಬಂದ ಅನುಭವವಿತ್ತು. ಮತ ಮತ್ತು ಪ್ರಾಣ ಎರಡರಲ್ಲಿ ಒಂದನ್ನು ಆರಿಸಿಕೊ ಎಂದು ಆ ಹೆಂಗಸಿಗೆ ಹೇಳಿದಂತಾಗಿತ್ತು. ಅವರು ಆರಿಸಿಯೂ ಆಗಿತ್ತು. ಆ ಆಯ್ಕೆ ಅವರ ಮುಂದೆ ಬಾರದಂತೆ ಮಾಡುವುದು ನನ್ನ ಕೆಲಸ ಎಂದು ಅಂದೇ ನಿಶ್ಚಯಿಸಿದೆ.

ಮೊದಲು ನನ್ನ ಕೈಯಳತೆಯಲ್ಲಿದ್ದದ್ದನ್ನು ಪ್ರಯತ್ನಿಸಿದೆ. ಆರು ಮಂದಿಯನ್ನು ಆ ವಾರ ಮಾತ್ರ ಶುಕ್ರವಾರಕ್ಕೆ ತಳ್ಳಲು ನೋಡಿದೆ. ಶುಕ್ರವಾರದ ಕುರ್ಚಿಗಳು ಭರ್ತಿ. ಶನಿವಾರ ಮಧ್ಯಾಹ್ನದ ಪಾಳಿಯವರೊಡನೆ ಅದಲುಬದಲು ಕೇಳಿದೆ. ಇಬ್ಬರು ಒಪ್ಪಿದರು, ಉಳಿದವರಿಗೆ ಬೆಳಗಿನ ಹೊತ್ತು ಕರೆತರುವವರಿರಲಿಲ್ಲ. ಇಬ್ಬರು ಹೋಗಿ ನಾಲ್ವರು ಉಳಿಯುವುದಾದರೆ ಆ ಇಬ್ಬರು ಯಾರು ಎಂದು ಆಂಟಿಯನ್ನು ಕೇಳಿದಾಗ, “ಚೀಟಿ ಎತ್ತೋಣ ಅಂತೀಯಾ?” ಎಂದು ನನ್ನ ಮುಖ ನೋಡಿದರು. ಆ ದಾರಿಯನ್ನು ಅಲ್ಲಿಗೆ ಬಿಟ್ಟೆ.

ಆಮೇಲೆ ಆಯೋಗಕ್ಕೆ ಬರೆದೆ. ಬೇರೆಯಾಗಬೇಕೆನ್ನುವವರೂ ಉಳಿಯಬೇಕೆನ್ನುವವರೂ ಒಪ್ಪಿ ರಚಿಸಿದ ಜನಮತಗಣನೆ ಆಯೋಗ ಅದು; ಹೊರದೇಶದ ಮತದಾನವನ್ನು ನೋಡಿಕೊಳ್ಳುವ ಒಬ್ಬ ಅಧಿಕಾರಿಯನ್ನು ಇಲ್ಲಿನ ರಾಜಧಾನಿ ವೆಲ್ಲಿಂಗ್ಟನ್‌ಗೆ ಕಳುಹಿಸಿತ್ತು. ಹಾಸಿಗೆ ಹಿಡಿದವರ ಬಳಿಗೆ ಪೆಟ್ಟಿಗೆ ಒಯ್ಯುವ ಸಂಚಾರಿ ತಂಡ ದ್ವೀಪಗಳೊಳಗೆ ಇದೆಯಲ್ಲ, ನಮ್ಮಲ್ಲಿಗೂ ಬರಲಿ ಎಂದು ಕೇಳಿದೆ. ಉತ್ತರ ಸೌಜನ್ಯದಿಂದಲೇ ಬಂತು. ಸಂಚಾರಿ ತಂಡದ ನಿಯಮ ದ್ವೀಪಗಳಿಗೆ ಮಾತ್ರ ಅನ್ವಯ. ಜೊತೆಗೆ ಇನ್ನೊಂದು ಕಾರಣ: ಆರೇ ಮತಗಳಿರುವ ಪೆಟ್ಟಿಗೆ ತೆರೆದರೆ ಯಾರು ಯಾವ ಕಡೆ ಹಾಕಿದರೆಂದು ಊಹಿಸುವುದು ಸುಲಭ, ಮತದ ಗುಟ್ಟು ಉಳಿಯುವುದಿಲ್ಲ.

ಎರಡನೆಯ ಕಾರಣ ನನ್ನನ್ನು ತಡೆದು ನಿಲ್ಲಿಸಿತು, ಏಕೆಂದರೆ ಅದು ಸರಿಯಾಗಿತ್ತು. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿರಲಿಲ್ಲ.

ಇದೇ ಹೊತ್ತಿಗೆ ಕಣಿವೆಯ ಮನೆಗಳ ಅಂಚೆಪೆಟ್ಟಿಗೆಗಳಲ್ಲಿ ಹೆಸರಿಲ್ಲದ ಕರಪತ್ರ ಬಿತ್ತು. ದ್ವೀಪಗಳು ಬೇರೆಯಾದರೆ ಇಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಚಿಕಿತ್ಸೆ ನಿಲ್ಲುತ್ತದೆ ಎಂದು ಅದರಲ್ಲಿತ್ತು. ಬರೆದವರು ಯಾರೆಂದು ಇಂದಿಗೂ ತಿಳಿದಿಲ್ಲ. ರೋಗಿಯ ಪ್ರಾಣವನ್ನು ಪ್ರಚಾರದ ಸರಕು ಮಾಡಿಕೊಂಡವರು ಯಾವ ಕಡೆಯವರಾದರೂ ನೀಚರೇ. ಗುರುವಾರದ ಪಾಳಿಯಲ್ಲಿ, ಯಾವಾಗಲೂ ಕ್ರಿಕೆಟ್ ಹಚ್ಚಿಕೊಂಡು ಕೂರುತ್ತಿದ್ದವರು ಟಿವಿ ಆರಿಸಿ ಯಂತ್ರವನ್ನೇ ನೋಡುತ್ತಿದ್ದರು.

ಘಟಕದ ಉಸ್ತುವಾರಿ ಹೊತ್ತ ನಮ್ಮ ಚಾರ್ಜ್ ನರ್ಸ್ ಇದೇ ಕಣಿವೆಯಲ್ಲಿ ಹುಟ್ಟಿ ಬೆಳೆದ, ಮಾತು ಕಡಿಮೆಯ ನ್ಯೂಜಿಲೆಂಡ್ ಹೆಂಗಸು. ಅವರ ಬಳಿ ಹೋಗಿ ಕರಪತ್ರವನ್ನು ಮೇಜಿನ ಮೇಲಿಟ್ಟೆ.

“ನಮ್ಮ ಘಟಕ ಯಾವ ಕಡೇನೂ ಸೇರಬಾರದು,” ಎಂದರು ಅವರು. “ಅದು ನಿನಗೂ ಗೊತ್ತು.”

“ಕಡೆ ಸೇರಿ ಅಂತ ಕೇಳ್ತಿಲ್ಲ. ಇದು ನಿಜಾನಾ ಸುಳ್ಳಾ ಅಂತ ಮೇಲಿನವರು ಬರೆದು ಕೊಡಲಿ. ಅಷ್ಟೇ.”

ಅವರು ಕರಪತ್ರವನ್ನು ಎರಡು ಸಲ ಓದಿದರು. ಆಮೇಲೆ ಫೋನ್ ಎತ್ತಿಕೊಂಡರು. ಈಗ ಚಿಕಿತ್ಸೆ ಪಡೆಯುತ್ತಿರುವ ಯಾರ ಚಿಕಿತ್ಸೆಯೂ ಈ ಮತದಿಂದ ಬದಲಾಗುವುದಿಲ್ಲ ಎಂದು ಆಸ್ಪತ್ರೆಯ ಆಡಳಿತದಿಂದ ಲಿಖಿತ ಉತ್ತರ ವಾರದೊಳಗೆ ಬಂತು. ಅದನ್ನು ಯಾವ ಟಿಪ್ಪಣಿಯೂ ಇಲ್ಲದೆ, ಕೈ ತೊಳೆಯುವ ಬೇಸಿನ್‌ನ ಮೇಲೆ ಅಂಟಿಸಿದವರು ಚಾರ್ಜ್ ನರ್ಸೇ.

ಭಯ ಹೋಯಿತು, ಮತಗಟ್ಟೆ ಬರಲಿಲ್ಲ. ಮುಂದಿನ ಅರ್ಜಿಯ ಕರಡನ್ನು ಆಂಟಿಗೆ ಓದಿ ಹೇಳಿದೆ. ಅದರಲ್ಲಿ ರೋಗಿಗಳು, ವೃದ್ಧರು, ಅಸಹಾಯಕರು, ದಯವಿಟ್ಟು ಎಂಬ ಮಾತುಗಳು ತುಂಬಿದ್ದವು. ನಾನು ಶ್ರಮಪಟ್ಟು ಬರೆದಿದ್ದೆ.

“ಯಾರ ಬಗ್ಗೆ ಬರೆದಿದ್ದೀಯಾ ಇದು?” ಎಂದರು.

“ನಿಮ್ಮ ಬಗ್ಗೇನೇ ಆಂಟಿ.”

“ಎಷ್ಟು ಪಾಪದವಳು ಇವಳು. ನನಗೆ ಪರಿಚಯ ಇಲ್ಲ.” ಅವರ ಎಡಗೈ ಯಂತ್ರಕ್ಕೆ ಕಟ್ಟಿಬಿದ್ದಿತ್ತು, ಬಲಗೈಯಿಂದ ಹಾಳೆಯನ್ನು ಹಿಂದಕ್ಕೆ ತಳ್ಳಿದರು. “ಕಣಿವೆಯಲ್ಲಿ ನಮ್ಮವರು ಎಷ್ಟು ಮನೆ ಇದಾರೆ ಗೊತ್ತಾ? ಅವರೆಲ್ಲಾ ಆ ಗುಡ್ಡ ದಾಟಿ ಪೊರಿರುವಾಗೆ ಯಾಕೆ ಹೋಗಬೇಕು? ಇಲ್ಲೇ ಒಂದು ಮತಗಟ್ಟೆ ಮಾಡಿ ಅಂತ ಬರಿ. ಈ ಕಟ್ಟಡದಲ್ಲೇ. ಊರವರೆಲ್ಲಾ ಇಲ್ಲಿಗೆ ಬಂದು ಹಾಕ್ತಾರೆ. ಆಮೇಲೆ ಆ ಪೆಟ್ಟಿಗೆಯಲ್ಲಿ ನನ್ನ ಚೀಟಿ ಯಾವುದು ಅಂತ ಯಾರು ಹುಡುಕ್ತಾರೋ ಹುಡುಕಲಿ.”

ನಾನು ಕರಡನ್ನು ಹರಿದು ಹಾಕಿದೆ. ಇಡೀ ಪ್ರಸಂಗ ತಿರುಗಿದ್ದು ಅಲ್ಲಿ. ನಾವು ವಿನಾಯಿತಿ ಕೇಳುವುದನ್ನು ನಿಲ್ಲಿಸಿ ಮತಗಟ್ಟೆ ಕೇಳಿದೆವು. ಗುಟ್ಟಿನ ಪ್ರಶ್ನೆಗೂ ಅದೇ ಉತ್ತರವಾಗಿತ್ತು. ಆಯೋಗದ ನಿಯಮಗಳನ್ನು ಮತ್ತೆ ಮೊದಲಿಂದ ಓದಿದೆ. ಹೊರದೇಶದ ಮತಗಟ್ಟೆ ಎಲ್ಲಿರಬೇಕೆಂದು ಎಲ್ಲೂ ಹೇಳಿರಲಿಲ್ಲ. ಸಾರ್ವಜನಿಕರಿಗೆ ತೆರೆದ ಕೋಣೆ, ಆಯೋಗದ ಅಧಿಕಾರಿ, ಎರಡೂ ಕಡೆಯ ಏಜೆಂಟರು ಇರಬೇಕು ಎಂದಿತ್ತು ಅಷ್ಟೇ. ನಮ್ಮ ಕಟ್ಟಡದಲ್ಲಿ ಘಟಕಕ್ಕೆ ಅಂಟಿಕೊಂಡಂತೆ ಒಂದು ಸಭಾಕೋಣೆ ಇದೆ, ರಸ್ತೆಯಿಂದ ನೇರ ಬಾಗಿಲಿದೆ. ಹಾಡಿನ ತಂಡದವರು ಮನೆಮನೆಗೆ ಹೋಗಿ ಸಹಿ ತಂದರು. ಬೇರೆಯಾಗಬೇಕೆನ್ನುವವರೂ ಉಳಿಯಬೇಕೆನ್ನುವವರೂ ಒಂದೇ ಹಾಳೆಯಲ್ಲಿ ಸಹಿ ಮಾಡಿದ್ದರು. ಅರ್ಜಿಯಲ್ಲಿ ರೋಗ ಎಂಬ ಶಬ್ದವನ್ನೇ ಬಳಸಲಿಲ್ಲ.

ಅಧಿಕಾರಿ ಖುದ್ದಾಗಿ ಬಂದರು. ಬೂದು ಕೋಟಿನ, ಮಿತಭಾಷಿ ಹೆಂಗಸು. ಸಭಾಕೋಣೆಯ ಉದ್ದಗಲ ಅಳೆಸಿದರು. ಅಲ್ಲಿಂದ ಘಟಕದೊಳಕ್ಕೆ ತೆರೆಯುವ ಬಾಗಿಲ ಬಳಿ ನಿಂತು, ಯಂತ್ರಗಳ ಸಾಲನ್ನು ಬಹಳ ಹೊತ್ತು ನೋಡಿ, “ಈ ಬಾಗಿಲು ಮತಗಟ್ಟೆಯ ಒಳಗೆ ಬರುತ್ತಾ, ಹೊರಗಾ?” ಎಂದು ಕೇಳಿದರು.

“ನೀವು ಹೇಳಿದ ಹಾಗೆ,” ಎಂದೆ.

“ಹಾಗಾದರೆ ಒಳಗೆ,” ಎಂದರು. ಮತಗಟ್ಟೆ ಮಂಜೂರಾಯಿತು.

ಇನ್ನು ಉಳಿದದ್ದು ವಿಧಾನ. ಡಯಾಲಿಸಿಸ್ ಕುರ್ಚಿಯಲ್ಲಿ ಕೂತವರು ಮತ ಹಾಕುವುದು ಹೇಗೆ ಎಂದು ಯಾವ ಕೈಪಿಡಿಯಲ್ಲೂ ಇಲ್ಲ, ನಾವೇ ಬರೆಯಬೇಕಾಯಿತು. ಸೂಜಿ ಇರುವ ಎಡತೋಳು ಅಲುಗಬಾರದು. ಬಲಗೈ ಗುರುತು ಹಾಕಲು ಬಿಡುವಾಗಿದೆ, ಆದರೆ ರಕ್ತದೊತ್ತಡ ಅಳೆಯುವ ಪಟ್ಟಿ ಸುತ್ತಿರುವುದೂ ಅದೇ ತೋಳಿಗೆ; ಆಗಾಗ ತಾನಾಗಿ ಉಬ್ಬಿ ಕೈ ನಡುಗಿಸುತ್ತದೆ. ಆದ್ದರಿಂದ ಮತಪತ್ರ ಕೊಡುವ ಮುಂಚೆ ಪಟ್ಟಿಯ ಸ್ವಯಂಚಾಲನೆ ನಿಲ್ಲಿಸಬೇಕು. ಊಟದ ತಟ್ಟೆ ಇಡುವ ಹಲಗೆಯ ಮೇಲೆ ಮೂರು ಬದಿಯ ರಟ್ಟಿನ ಮರೆ. ನರ್ಸ್ ಬೆನ್ನು ತಿರುಗಿಸಿ ನಿಲ್ಲಬೇಕು. ಮಧ್ಯದಲ್ಲಿ ಅಲಾರಂ ಹೊಡೆದರೆ ಅಲಾರಂ ಮೊದಲು, ಮತ ಆಮೇಲೆ. ಅಷ್ಟು ಹೊತ್ತು ಮತಪತ್ರ ಮಡಚಿ ಮತದಾರರ ಕೈಯಲ್ಲೇ ಇರಬೇಕು.

ಕೊನೆಯದು ಬೆರಳಿನ ಶಾಯಿ. ಎಡಗೈ ತೋರುಬೆರಳಿಗೆ ಹಚ್ಚಬೇಕು ಎಂದು ನಿಯಮ. ಅದು ಸೂಜಿ ಇರುವ ಕೈ. ಆ ಕೈಯ ಬೆರಳಿಗೆ ಏನಾದರೂ ಹಚ್ಚುವುದಾದರೆ ತೋಳು ಕದಲದೆ, ಚರ್ಮ ಉರಿಯದೆ ಆಗುತ್ತದೆಂದು ತೋರಿಸಬೇಕು ಎಂದು ಚಾರ್ಜ್ ನರ್ಸ್ ಪಟ್ಟುಹಿಡಿದರು. ಶಾಯಿಯೋ ಮುದ್ರೆ ಒತ್ತಿದ ಪೆಟ್ಟಿಗೆಯಲ್ಲಿ ಮತದಾನದ ದಿನವೇ ಬರುವಂಥದ್ದು.

ಶಾಲಾ ಶಿಕ್ಷಕಿಯಾಗಿದ್ದ ನನ್ನ ಅಮ್ಮ ಪ್ರತಿ ಚುನಾವಣೆಗೂ ಡ್ಯೂಟಿಗೆ ಹೋಗಿ ಬರುತ್ತಿದ್ದಳು. ಆ ಶಾಯಿ ನಮ್ಮೂರಿನಲ್ಲೇ ತಯಾರಾಗುತ್ತದೆಂಬುದು, ಅದರಲ್ಲಿರುವುದು ಸಿಲ್ವರ್ ನೈಟ್ರೇಟ್ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅದೇ ರಾಸಾಯನಿಕ ನಮ್ಮ ಘಟಕದ ಕಪಾಟಿನಲ್ಲಿತ್ತು: ಗಾಯದ ಸುತ್ತ ಅತಿಯಾಗಿ ಬೆಳೆದ ಮಾಂಸವನ್ನು ಸುಡಲು ಬಳಸುವ ಸಣ್ಣ ಕಡ್ಡಿಗಳ ತುದಿಯಲ್ಲಿ. ಮತದಾನಕ್ಕೆ ಮುಂಚಿನ ಗುರುವಾರದ ಪಾಳಿಯಲ್ಲಿ ಅದರಿಂದಲೇ ತಾಲೀಮು ಮಾಡಿ ತೋರಿಸುವುದೆಂದು ನಿರ್ಧರಿಸಿದೆ.

ಕೈ ಕೊಡಲು ಮೊದಲು ಮುಂದೆ ಬಂದವನು ನಮ್ಮ ಯಂತ್ರಗಳನ್ನೂ ನೀರಿನ ಪ್ಲಾಂಟನ್ನೂ ನೋಡಿಕೊಳ್ಳುವ ತಂತ್ರಜ್ಞ. ಹುಬ್ಬಳ್ಳಿಯವನು. ನಮ್ಮಿಬ್ಬರ ಕನ್ನಡ ಕೇಳಿ ಉಳಿದವರು ಅವು ಎರಡು ಭಾಷೆಗಳೆಂದೇ ತಿಳಿದಿದ್ದರು.

“ಹಚ್ರಿ ಅಕ್ಕಾರ. ಊರ ಬಿಟ್ಟ ಮ್ಯಾಲೆ ಒಂದೂ ವೋಟ್ ಹಾಕಿಲ್ಲ. ಬೆರಳಾದ್ರೂ ಕರ್ರಗ ಆಗ್ಲಿ.”

“ಸುಮ್ನೆ ತುದಿ ತಾಗಿಸ್ತೀನಿ. ಏನೂ ಆಗಲ್ಲ.”

“ಮೈಸೂರಿನವ್ರಿಗೆ ಶಾಯಿ ಅಂದ್ರ ಸಾಕು ನೋಡ್ರಿ, ತವರಮನಿ ನೆನಪಾಗತೈತಿ.”

ಅವನ ಬೆರಳಿಗೆ ತಾಗಿಸಿದೆ. ಆಮೇಲೆ ಆಂಟಿ ತಮ್ಮ ಎಡಗೈ ಬೆರಳು ಚಾಚಿದರು. ತೋಳು ಕದಲಿಸದೆ, ಉಗುರಿನ ಬುಡಕ್ಕೆ ಒದ್ದೆ ಕಡ್ಡಿ ತಾಗಿಸಿ ಎತ್ತಿದೆ. ಉರಿಯಲಿಲ್ಲ. ಗುರುತೂ ಕಾಣಲಿಲ್ಲ. ಚಾರ್ಜ್ ನರ್ಸ್ ಹತ್ತಿರ ಬಂದು ನೋಡಿ ತಲೆಯಾಡಿಸಿದರು. ಒಂದು ಅಡ್ಡಿ ತೀರಿತು ಎಂದುಕೊಂಡು ಉಳಿದವರಿಗೆ ಹಚ್ಚದೆ ತಾಲೀಮು ಮುಗಿಸಿದೆ.

ಸಿಲ್ವರ್ ನೈಟ್ರೇಟ್ ಹಚ್ಚಿದ ಕೂಡಲೇ ಕಾಣುವುದಿಲ್ಲ. ಬೆಳಕು ಬಿದ್ದಂತೆಲ್ಲ ಕಪ್ಪಾಗುತ್ತದೆ. ಆ ಊರಿನಲ್ಲಿ ಹುಟ್ಟಿ, ಆ ವಿಷಯ ಕೇಳಿಕೊಂಡೇ ಬೆಳೆದ ನಾನು ತೋಳು ಕದಲಬಾರದು, ಚರ್ಮ ಉರಿಯಬಾರದು ಎಂಬ ಯೋಚನೆಯಲ್ಲಿ ಅದನ್ನು ಮರೆತಿದ್ದೆ.

ಶನಿವಾರ ಎಂದಿನಂತೆ ಏಳಕ್ಕೆ ಆರೂ ಮಂದಿಗೆ ಸೂಜಿ ಹಾಕಿ ಯಂತ್ರ ಶುರುಮಾಡಿದೆವು. ಆಂಟಿ ಭಾನುವಾರದ ಬಿಳಿ ಉಡುಪನ್ನೇ ತೊಟ್ಟು ಬಂದಿದ್ದರು. ರಕ್ತದ ಕಲೆಯಾದೀತು ಎಂದರೆ ಆಗಲಿ ಎಂದರು. ಎಂಟರ ಹೊತ್ತಿಗೆ ಅಧಿಕಾರಿ ಬಂದು ಸಭಾಕೋಣೆಯಲ್ಲಿ ಖಾಲಿ ಪೆಟ್ಟಿಗೆ ತೋರಿಸಿ ಮುದ್ರೆ ಒತ್ತಿದರು. ಎರಡೂ ಕಡೆಯ ಏಜೆಂಟರು ಬಂದರು. ಉಳಿಯಬೇಕೆನ್ನುವ ಕಡೆಯ ಏಜೆಂಟ್ ಅದೇ ದ್ವೀಪದ ಯುವಕ. ಆಂಟಿಯ ಹಾಡಿನ ತಂಡದಲ್ಲೇ ದಪ್ಪ ದನಿಯಲ್ಲಿ ಹಾಡುವವನು. ಘಟಕದೊಳಗೆ ಬಂದು ಎಲ್ಲರಿಗೂ ಬಗ್ಗಿ ನಮಸ್ಕರಿಸಿ ಹೋದ.

ಒಂಬತ್ತಕ್ಕೆ ಬಾಗಿಲು ತೆರೆದಾಗ ಹೊರಗಿನ ಸಾಲು ಕಾರುಗಳನ್ನು ದಾಟಿ ರಸ್ತೆಗೆ ಹೋಗಿತ್ತು. ನ್ಯೂಟೌನ್, ವೈನುಯೊಮಾಟಾದಂಥ ದೂರದ ಬಡಾವಣೆಗಳಿಂದಲೂ ಜನ ಬಂದಿದ್ದರು. ಅಜ್ಜಂದಿರು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಯಾರೋ ಕೀರ್ತನೆ ಶುರುಮಾಡಿದರು. ಇದು ಪ್ರಚಾರವಾಗುತ್ತದೆಯೇ ಎಂದು ಒಬ್ಬ ಏಜೆಂಟ್ ಕೇಳಿದ. ಸಾಹಿತ್ಯ ಏನು ಎಂದು ಅಧಿಕಾರಿ ವಿಚಾರಿಸಿ, ದೇವರು ಯಾವ ಕಡೆಗೂ ಏಜೆಂಟ್ ಅಲ್ಲ ಎಂದು ಹಾಡಲು ಬಿಟ್ಟರು.

ಊರವರ ಸಾಲು ಸ್ವಲ್ಪ ಕರಗಿದ ಮೇಲೆ ಅಧಿಕಾರಿಯೂ ಏಜೆಂಟರೂ ಪೆಟ್ಟಿಗೆ ಹಿಡಿದು ಘಟಕದ ಬಾಗಿಲು ದಾಟಿ ಒಳಬಂದರು. ಮೊದಲ ಮೂವರು ಸುಸೂತ್ರವಾಗಿ ಮತ ಹಾಕಿದರು. ನಾಲ್ಕನೆಯವರು ಪೆನ್ನು ಹಿಡಿಯುವಾಗ ಅಲಾರಂ ಹೊಡೆಯಿತು. ಬರೆದುಕೊಂಡ ವಿಧಾನದಂತೆ ಅವರು ಮತಪತ್ರ ಮಡಚಿ ಎದೆಗೆ ಹಿಡಿದರು. ಅಧಿಕಾರಿ ಗೋಡೆಯ ಕಡೆ ತಿರುಗಿದರು. ಬಾಗಿ ರಕ್ತ ತಡೆದಿದ್ದ ಕೊಳವೆಯನ್ನು ನಾನು ಸರಿಮಾಡಿದೆ. ಮತ ಮುಂದುವರಿಯಿತು.

ಆಂಟಿ ಕೊನೆಯವರು. ಅಧಿಕಾರಿ ಪಟ್ಟಿಯಲ್ಲಿ ಹೆಸರು ನೋಡಿ, ಶಾಯಿಗೆಂದು ಅವರ ಬೆರಳನ್ನು ನೋಡಿದರು. ಉಗುರಿನ ಬುಡದಲ್ಲಿ ಕಡುಕಪ್ಪು ಗುರುತು.

ಗುರುವಾರ ನಾನು ತಾಗಿಸಿದ ಕಡ್ಡಿಯದೇ; ಬೆಳಗಿನ ಅವಸರದಲ್ಲಿ ನಮ್ಮ ಕಣ್ಣೆಲ್ಲ ತೋಳಿನ ಮೇಲಿತ್ತು, ಬೆರಳಿನ ಮೇಲಲ್ಲ.

“ಇವರದು ಆಗಲೇ ಆಗಿದೆ,” ಎಂದ ಉಳಿಯಬೇಕೆನ್ನುವ ಕಡೆಯ ಯುವಕ. ದನಿಯಲ್ಲಿ ಸಂತೋಷವೇನೂ ಇರಲಿಲ್ಲ. “ಕ್ಷಮಿಸಿ ಆಂಟಿ. ನಾನು ಆಕ್ಷೇಪಣೆ ಹೇಳಲೇಬೇಕು.”

ಬೆರಳಲ್ಲಿ ಗುರುತಿದ್ದವರಿಗೆ ಮತಪತ್ರ ಕೊಡುವಂತಿಲ್ಲ. ನಿಯಮ ಅಷ್ಟು ಸ್ಪಷ್ಟ. ನಾನು ತಾಲೀಮಿನ ಕತೆ ಹೇಳಿದೆ. ಅಧಿಕಾರಿ ಕೇಳಿಸಿಕೊಂಡರು. “ನೀವು ಹೇಳುವುದನ್ನು ನಾನು ನಂಬುತ್ತೇನೆ,” ಎಂದರು. “ಆದರೆ ನಿಯಮದಲ್ಲಿ ನನ್ನ ನಂಬಿಕೆಗೆ ಜಾಗ ಇಲ್ಲ.” ಪೊರಿರುವಾದ ಸಭಾಂಗಣಕ್ಕೂ ಅದೇ ಮತದಾರರ ಪಟ್ಟಿ ಹೋಗಿತ್ತು, ಅಲ್ಲಿ ಹಾಕಿ ಇಲ್ಲಿಗೆ ಬಂದಿಲ್ಲವೆಂದು ಹೇಗೆ ಹೇಳುವುದು ಎಂಬುದು ಆಕ್ಷೇಪಣೆ. ಪ್ರಾಣ ಕೊಟ್ಟಾದರೂ ಮತ ಹಾಕುತ್ತೇನೆಂದಿದ್ದ ಹೆಂಗಸಿನ ಮತವನ್ನು ಆಯೋಗವಲ್ಲ, ಕರಪತ್ರವಲ್ಲ, ನನ್ನ ಒಂದು ಕಡ್ಡಿ ತಿನ್ನಲಿತ್ತು.

ಆಂಟಿ ಕುರ್ಚಿಯ ಬೆನ್ನನ್ನು ಎತ್ತಿಸಿಕೊಂಡು ನೇರವಾಗಿ ಕೂತರು. ಯುವಕನನ್ನು ಹತ್ತಿರ ಕರೆದರು. ಮುಂದಿನದನ್ನು ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಕೇಳಿದರು.

“ನೀನು ಇಲ್ಲಿಗೆ ಎಷ್ಟು ಹೊತ್ತಿಗೆ ಬಂದೆ?”

“ಎಂಟಕ್ಕೆ, ಆಂಟಿ.”

“ಬಂದಾಗ ಯಾರಿಗೆ ನಮಸ್ಕಾರ ಹೇಳಿದೆ?”

“ಎಲ್ಲರಿಗೂ.”

“ನನಗೆ?”

“ನಿಮಗೂ.”

“ನಾನು ಎಲ್ಲಿದ್ದೆ?”

“ಈ ಕುರ್ಚಿಯಲ್ಲೇ.”

“ಕೈಯಲ್ಲಿ ಇದೆಲ್ಲ ಇತ್ತಾ?” ಎಂದು ಸೂಜಿಗಳ ಕಡೆ ಗಲ್ಲ ತೋರಿಸಿದರು.

“ಇತ್ತು.”

“ಈ ದೇಶದಲ್ಲಿ ಯಾವುದಾದರೂ ಮತಗಟ್ಟೆ ಇವತ್ತು ಎಂಟಕ್ಕೆ ಮುಂಚೆ ತೆರೆದಿತ್ತಾ?”

“ಇಲ್ಲ.”

“ಆಮೇಲೆ ನಾನು ಎದ್ದು ಹೋಗಿದ್ದು ನೋಡಿದೆಯಾ? ಈ ಯಂತ್ರ ಹೊತ್ತುಕೊಂಡು?”

ಕೋಣೆಯಲ್ಲಿ ಯಾರೋ ನಕ್ಕರು. ಯುವಕ ತಲೆ ತಗ್ಗಿಸಿದ. ಅವನೂ ನಗು ತಡೆಯುತ್ತಿದ್ದ. “ಇಲ್ಲ ಆಂಟಿ.”

“ಹಾಗಾದರೆ ನಾನು ಮತ ಹಾಕಿದ್ದು ಯಾವಾಗ? ಪೂರ್ತಿ ವಾಕ್ಯದಲ್ಲಿ ಹೇಳು.”

“ನೀವು ಇನ್ನೂ ಮತ ಹಾಕಿಲ್ಲ, ಆಂಟಿ.”

ಆಗ ಹಿಂದಿನಿಂದ ನಮ್ಮ ಹುಬ್ಬಳ್ಳಿಯವನು ಮುಂದೆ ಬಂದು ತನ್ನ ಎಡಗೈ ಬೆರಳನ್ನು ಅಧಿಕಾರಿಯ ಮುಂದೆ ಹಿಡಿದ. ಅಂಥದೇ ಕಪ್ಪು ಗುರುತು, ಅದೇ ಜಾಗದಲ್ಲಿ. ತಾನು ಕರ್ನಾಟಕದವನು, ಆ ದ್ವೀಪಗಳನ್ನು ನಕ್ಷೆಯಲ್ಲಿ ಬಿಟ್ಟರೆ ನೋಡಿದವನೇ ಅಲ್ಲ, ತನಗೆ ಮತದ ಹಕ್ಕು ಕೊಟ್ಟವರು ಯಾರೆಂದು ಆಯೋಗವೇ ಹೇಳಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಸೇರಿಸಿದ: “ಅಕ್ಕಾರ, ಏನೂ ಆಗಂಗಿಲ್ಲ ಅಂದಿದ್ರಿ.”

ಯುವಕ ಆಕ್ಷೇಪಣೆ ಹಿಂತೆಗೆದುಕೊಂಡ. ಅಧಿಕಾರಿ ಎರಡೂ ಬೆರಳುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ನಿಯಮದಲ್ಲಿ ಗುರುತು ಎಂದರೆ ಮತ ಹಾಕುವಾಗ ಹಚ್ಚಿದ ಗುರುತು, ಮತದಾನ ಶುರುವಾಗುವ ಮುಂಚಿನದು ಗುರುತಲ್ಲ ಎಂದು ತೀರ್ಪು ಕೊಟ್ಟರು. ಎರಡೂ ಕಡೆಯವರ ಸಹಿ ಪಡೆದರು. ಶಾಯಿ ಇನ್ನು ಯಾವ ಬೆರಳಿಗೆ ಎಂಬ ಪ್ರಶ್ನೆ ಉಳಿಯಿತು. ನಮ್ಮ ದೇಶದಲ್ಲಿ ತೋರುಬೆರಳು ಇಲ್ಲದವರಿಗೆ ಎಡಗೈಯ ಬೇರೆ ಬೆರಳಿಗೆ ಹಚ್ಚುತ್ತಾರೆ ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಾಗಿ ಹೇಳಿದೆ. ನಡುಬೆರಳಿಗೆ ಹಚ್ಚಿದರು.

ನಾನು ಬೆನ್ನು ತಿರುಗಿಸಿ ನಿಂತೆ. ರಟ್ಟಿನ ಮರೆಯ ಹಿಂದೆ ಪೆನ್ನು ಕಾಗದಕ್ಕೆ ತಾಗಿದ ಸದ್ದು ಕೇಳಿಸಿತು. ಒಂದೇ ಸಲ, ತಡವರಿಕೆಯಿಲ್ಲದೆ. ಮಡಚಿದ ಚೀಟಿ ಪೆಟ್ಟಿಗೆಯೊಳಗೆ ಬಿತ್ತು. ಅದಾಗಲೇ ಬಿದ್ದಿದ್ದ ಕಣಿವೆಯವರ ಚೀಟಿಗಳ ಮೇಲೆ.

“ಈಗ ಬಿಪಿ ನೋಡು,” ಎಂದರು ಆಂಟಿ. ಏರಿತ್ತು. “ಇರಲಿ ಬಿಡು. ಇದಕ್ಕೆ ಮಾತ್ರೆ ಬೇಡ.”

ಮಂಗಳವಾರದ ಪಾಳಿಯ ನಡುವೆ ಫಲಿತಾಂಶ ಬಂತು. ಬೇರೆಯಾಗಬೇಕೆಂದವರು ಗೆದ್ದಿದ್ದರು, ಆಳುವ ದೇಶ ತೀರ್ಪನ್ನು ಒಪ್ಪುವುದಾಗಿ ಪ್ರಕಟಿಸಿತು. ಆರು ಕುರ್ಚಿಗಳಲ್ಲಿ ಯಾರು ಹೇಗೆ ಮತ ಹಾಕಿದ್ದರೋ ನಾನು ಕೇಳಲಿಲ್ಲ, ಇಂದಿಗೂ ಗೊತ್ತಿಲ್ಲ. ಫೋನಿನಲ್ಲಿ ಸುದ್ದಿ ಓದಿ ಹೇಳಿದವನು ದಪ್ಪ ದನಿಯ ಆ ಯುವಕನೇ. ತಾನು ಸೋತ ಸುದ್ದಿಯನ್ನು ಆಂಟಿಗೆ ತಾನೇ ಹೇಳಬೇಕೆಂದು ಕೆಲಸ ಬಿಟ್ಟು ಬಂದಿದ್ದ. ಆಂಟಿ ಅವನ ಕೈ ಹಿಡಿದು ಕೂರಿಸಿಕೊಂಡರು. ಆರೂ ಮಂದಿ ಮೆಲ್ಲಗೆ ಹಾಡತೊಡಗಿದರು, ಅವನೂ ಸೇರಿಕೊಂಡ. ಯಂತ್ರಗಳ ಮಿಡಿತದ ನಡುವೆ ಆ ಹಾಡು ಘಟಕದ ಕೊನೆಯ ಕುರ್ಚಿಯವರೆಗೂ ಹೋಯಿತು. ಚಾರ್ಜ್ ನರ್ಸ್ ತಮ್ಮ ಕೋಣೆಯ ಬಾಗಿಲನ್ನು ತೆರೆದಿಟ್ಟರು.

ಹಾಡು ಮುಗಿದ ಮೇಲೆ, “ಮುಂದೆ ಸಂವಿಧಾನಕ್ಕೆ ಮತ ಇದೆಯಂತೆ,” ಎಂದರು ಆಂಟಿ. “ನಮ್ಮೂರಲ್ಲಿ ಮತಗಟ್ಟೆ ಯಾವಾಗಲೂ ನನ್ನ ಶಾಲೆಯಲ್ಲೇ. ಐದನೇ ತರಗತಿ ಕೋಣೆ.” ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು.

ಆ ದ್ವೀಪದಲ್ಲಿ ಒಂದು ಡಯಾಲಿಸಿಸ್ ಘಟಕ ನಡೆಸಲು ಏನೇನು ಬೇಕೆಂದು ತಂತ್ರಜ್ಞನನ್ನು ಕೇಳಿದೆ. ಮಳೆನೀರನ್ನು ಶುದ್ಧಿಮಾಡುವ ಪ್ಲಾಂಟ್, ಕರೆಂಟ್ ಹೋದಾಗ ನಡೆಯುವ ಜನರೇಟರ್, ಕೆಲವು ಯಂತ್ರ, ತರಬೇತಿ ಪಡೆದ ಸ್ಥಳೀಯ ನರ್ಸುಗಳು. “ಭಾಳ ದೊಡ್ಡ ಕೆಲಸ ಏನಲ್ಲ ಅಕ್ಕಾರ,” ಎಂದ. “ಟಿಕೆಟ್ ಕೊಟ್ರ ನಾನ ಹೋಗಿ ಕೂಡಿಸಿ ಬರ್ತೀನಿ.”

ಆದ್ದರಿಂದ ಅಧಿಕಾರ ಬಿಟ್ಟುಕೊಡಲು ಸಿದ್ಧವಾಗುತ್ತಿರುವ ಸರ್ಕಾರಕ್ಕೆ, ಅಧಿಕಾರ ವಹಿಸಿಕೊಳ್ಳಲಿರುವ ಮಧ್ಯಂತರ ಮಂಡಳಿಗೆ, ಎರಡರ ನಡುವೆ ನಿಂತಿರುವ ಆಯೋಗಕ್ಕೆ ನಾನು ಹೇಳುವುದು ಇದು. ಸಂವಿಧಾನದ ಮತದಾನಕ್ಕೆ ಡಯಾಲಿಸಿಸ್ ಘಟಕಗಳನ್ನೂ ಮತಗಟ್ಟೆಗಳೆಂದು ನಿಯಮದಲ್ಲೇ ಬರೆಯಿರಿ; ಮತ್ತೆ ಯಾರೂ ಅರ್ಜಿ ಹಿಡಿದು ನಿಲ್ಲುವಂತಾಗಬಾರದು. ಅದಕ್ಕೂ ಮುಂಚೆ, ಹಸ್ತಾಂತರದ ಪತ್ರಗಳಿಗೆ ಸಹಿ ಬೀಳುವ ಮೊದಲು, ಆಳುವ ದೇಶ ತಾನು ಇಷ್ಟು ಕಾಲ ಕಟ್ಟದ ಡಯಾಲಿಸಿಸ್ ಘಟಕವನ್ನು ಆ ದ್ವೀಪದಲ್ಲಿ ಕಟ್ಟಿ, ನಡೆಯುವ ಸ್ಥಿತಿಯಲ್ಲಿ ಒಪ್ಪಿಸಬೇಕು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿರುವ ಶಿಕ್ಷಕಿ ತಮ್ಮ ಮುಂದಿನ ಮತವನ್ನು ಐದನೇ ತರಗತಿಯ ಕೋಣೆಯಲ್ಲಿ, ತಮ್ಮ ಕಾಲ ಮೇಲೆ ನಿಂತು ಹಾಕಬೇಕು. ಆ ಘಟಕ ತೆರೆಯುವ ದಿನಾಂಕವನ್ನು ಪ್ರಕಟಿಸಿ.